ಉಪ್ಪಿಟ್ಟಿನ ಉಪವಾಸ

ಹೊಳೆನರಸೀಪುರದಲ್ಲಿ ನಮ್ಮ ಚಿಕ್ಕಪ್ಪನಷ್ಟು ಹೊಟ್ಟೆ ತುಂಬ ಉಪವಾಸ ಮಾಡುವವರು ಇನ್ನೊಬ್ಬರಿಲ್ಲ! ಸೋಮವಾರ ಅವರು ಅನ್ನ ಮುಟ್ಟುವುದಿಲ್ಲ. ಅನ್ನವನ್ನು ಮಾತ್ರ! ಚಪಾತಿ, ಅವಲಕ್ಕಿ, ಆರು ಬಾಳೆಹಣ್ಣು, ಮೇಲೊಂದು ಚೊಂಬು ಹಾಲು ಮುಗಿಸಿ, ತಮ್ಮ ಜವಳಿ ಅಂಗಡಿಯ ಗಾದಿಗೆ ಒರಗಿ, "ಉಪಾಸ ಕಣ್ಲಾ, ನಿಶ್ಶಕ್ತಿ" ಎಂದು ನರಳುತ್ತಾರೆ.

ಇಂಥವರಿಗೆ ಹೋದ ವರ್ಷ ಮಲದಲ್ಲಿ ರಕ್ತ ಕಾಣಿಸಿತು. ನಮ್ಮಪ್ಪ, ಅಂದರೆ ಅವರ ಅಣ್ಣ, ಕರುಳಿನ ಕ್ಯಾನ್ಸರಿನಿಂದಲೇ ಹೋದವರು. ಹಾಸನಕ್ಕೆ ಹೋಗಿ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿಸೋಣ ಎಂದರೆ, "ವಂಶದಲ್ಲೇ ಬರ್ದಿದ್ರೆ, ಇಣುಕಿ ನೋಡುದ್ರೆ ಅಳಿಸೋಯ್ತದಾ?" ಎಂದು ನನಗೇ ಪಾಟೀಸವಾಲು ಹಾಕಿದರು. ಮೂರು ವಾರ ಗೋಗರೆದ ಮೇಲೆ ಒಪ್ಪಿದರು.

ಪರೀಕ್ಷೆಯ ಹಿಂದಿನ ದಿನ ಬರೀ ನೀರು, ಗಂಜಿಯ ತಿಳಿ. ಬೆಳಗ್ಗೆ ಪೂರ್ತಿ ಉಪವಾಸ ಎಂದು ಡಾಕ್ಟರು ಹೇಳಿದ್ದರು. ಯಾರಿಗೆ ಹೇಳುತ್ತಿದ್ದೇನೆಂದು ಪಾಪ, ಅವರಿಗೇನು ಗೊತ್ತು?

"ಬೆಳಗ್ಗೆ ಏನಾದ್ರೂ ತಿಂದ್ರಾ?" ಎಂದಳು ನರ್ಸು.

"ಶಿವಶಿವಾ, ಉಪಾಸ ಕಣಮ್ಮ! ಎರಡು ತಟ್ಟೆ ಉಪ್ಪಿಟ್ಟು, ಅಷ್ಟೇಯ."

ಅಂದು ಪರೀಕ್ಷೆಯಿಲ್ಲದೆ ವಾಪಸು ಬಂದೆವು. ಮುಂದಿನ ವಾರ ಚಿಕ್ಕಮ್ಮ ಅಡುಗೆಮನೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಪರೀಕ್ಷೆ ನಡೆಯಿತು. ಒಳಗೊಂದು ಗಂಟು ಸಿಕ್ಕಿತು, ಅಲ್ಲೇ ತೆಗೆದರು. ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲವೆಂದು ವರದಿ ಬಂತು.

"ಎಲ್ಲಾ ಹುಟ್ಟುವಾಗಲೇ ಬರೆದಿರಲ್ಲ ಯಜಮಾನ್ರೇ," ಎಂದರು ಡಾಕ್ಟರು. "ಜೀನ್‌ಗಳನ್ನ ಪುಸ್ತಕ ಅಂದ್ಕೊಳ್ಳಿ. ಅಕ್ಷರ ಸರಿಯಾಗೇ ಇದ್ರೂ ವಯಸ್ಸಾಗ್ತಾ ಕೆಲವು ಪುಟ ಅಂಟಿಕೊಂಡುಬಿಡ್ತವೆ. 'ಬೆಳೆದದ್ದು ಸಾಕು, ನಿಲ್ಲು' ಅನ್ನೋ ಪುಟವೇ ಅಂಟಿಕೊಂಡ್ರೆ ಜೀವಕೋಶ ಅದನ್ನ ಓದೋದು ಹೇಗೆ? ಬೆಳೀತಾನೇ ಹೋಗುತ್ತೆ. ಮೊದಲು ಗಂಟು, ಎಷ್ಟೋ ವರ್ಷಕ್ಕೆ ಕ್ಯಾನ್ಸರ್."

"ಅಂದ್ರೆ ಬರ್ದಿರೋದು ನೆಟ್ಟಗದೆ, ಓದೋಕೆ ಬಿಡ್ತಿಲ್ಲ ಅನ್ನಿ!" ಎಂದು ಚಿಕ್ಕಪ್ಪ ನಕ್ಕರು. ಆಮೇಲೆ ನಗು ನಿಂತಿತು. "ಅಂಗಾದ್ರೆ ಸಾ, ನಮ್ಮಣ್ಣಂಗೂ ಮೊದ್ಲು ಇಂಥ ಗಂಟೇ ಇದ್ದಿರ್ಬೋದಾ?"

"ಇದ್ದಿರಬಹುದು. ಆಗಲೇ ನೋಡಿದ್ರೆ ತೆಗೀಬಹುದಿತ್ತೇನೋ."

ಹೊರಗೆ ಬಂದು ಬೆಂಚಿನ ಮೇಲೆ ಕುಳಿತವರು ಏಳಲೇ ಇಲ್ಲ. "ನಿಮ್ಮಪ್ಪಂಗೆ ರಕ್ತ ಬಿದ್ದಾಗ ಡಾಕ್ಟ್ರ ತಾವ ಓಯ್ತೀನಿ ಅಂದಿದ್ದ. ಮೂಲವ್ಯಾಧಿ ಕಣ, ಸುವರ್ಣಗೆಡ್ಡೆ ತಿನ್ನು ಸಾಕು ಅಂತ ತಡ್ದೋನು ನಾನೇ ಕಣ್ಲಾ."

ನನಗಿದು ಗೊತ್ತಿರಲಿಲ್ಲ. ಸಿಟ್ಟು ಬರಬೇಕಿತ್ತು. ಆದರೆ ಇಷ್ಟು ವರ್ಷ ಇದನ್ನು ಒಬ್ಬರೇ ಹೊತ್ತು ತಿರುಗಿದ ಈ ಮನುಷ್ಯನನ್ನು ನೋಡಿ ನನಗೆ ಅಳು ಬಂತು.

"ಚಿಕ್ಕಪ್ಪ, ನನಗೂ ನಲವತ್ತಾರು. ನಾನೂ ಮಾಡಿಸಿಕೊಳ್ಳಬೇಕು," ಎಂದೆ.

ಕಣ್ಣೂ ಒರೆಸಿಕೊಳ್ಳದೆ ಎದ್ದರು. ನನ್ನ ರಟ್ಟೆ ಹಿಡಿದು ಕೌಂಟರಿಗೆ ಎಳೆದೊಯ್ದು, ಸಾಲಿನಲ್ಲಿದ್ದವರನ್ನೆಲ್ಲ ದಾಟಿ, "ನಮ್ಮಣ್ಣನ ಮಗ ಕಣಮ್ಮ. ಇವನ್ನಾದ್ರೂ ಬೇಗ ನೋಡಿ" ಎಂದರು.