ಮೀಸೆಯುಳ್ಳ ತಾಯಿಯ ಸೇಡು

ನಮ್ಮ ಹಿರಿಯೂರಿನಲ್ಲಿ ಇಂಗ್ಲೀಷು ಬಲ್ಲವರು ಇಬ್ಬರೇ. ಒಬ್ಬರು ಅಮಲ್ದಾರರು, ಇನ್ನೊಬ್ಬ ಜವಳಿ ಅಂಗಡಿಯ ಪಂಚಾಕ್ಷರಪ್ಪ, ಅಂದರೆ ನಾನು. ಅಮಲ್ದಾರರಿಗೆ ವರ್ಗವಾಗುತ್ತದೆ, ನನಗೆ ಆಗುವುದಿಲ್ಲ. ಆದ್ದರಿಂದ ಊರಿನ ಖಾಯಂ ಇಂಗ್ಲೀಷು ನನ್ನದೇ! ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುತ್ತಿದ್ದ ಕಾಲಕ್ಕೆ ಅಲ್ಲಿನ ಬಿಡಾರಗಳಿಗೆ ಬಟ್ಟೆ ಗಂಟು ಹೊತ್ತು ತಿರುಗಿ, ದೊರೆಗಳ ಬಾಯಿಂದ ಉದುರಿದ್ದನ್ನೆಲ್ಲ ಆಯ್ದುಕೊಂಡು ಬಂದ ಇಂಗ್ಲೀಷು ಅದು. ಊರಲ್ಲಿ ಯಾರಿಗಾದರೂ ತಂತಿ ಬಂದರೆ ಮೊದಲು ನನ್ನ ಹತ್ತಿರ ತರುತ್ತಾರೆ. ನಾನು ಮುಖ ಸಣ್ಣಗೆ ಮಾಡಿದರೆ ಅಳುತ್ತಾರೆ, ಹಲ್ಲು ಬಿಟ್ಟರೆ ಸಕ್ಕರೆ ಹಂಚುತ್ತಾರೆ.

ಇಂಥ ಪಂಡಿತನ ಮನೆಯಲ್ಲಿ ಹನ್ನೆರಡು ದಿನಗಳಿಂದ ಅತ್ತೆ ಸೊಸೆಗೆ ಮಾತಿರಲಿಲ್ಲ. ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಯಾರೋ ತೆರೆದಿಟ್ಟು, ವರ್ಷದ ಮಾವಿನಕಾಯಿಗೆಲ್ಲ ಬೂಸ್ಟು ಹಿಡಿದಿತ್ತು. ಸೊಸೆ ತೆರೆದಿಟ್ಟಳೆಂದು ನನ್ನ ತಾಯಿ ಮರುಳಸಿದ್ದಮ್ಮ, ಅತ್ತೆ ತೆರೆದಿಟ್ಟರೆಂದು ನನ್ನ ಹೆಂಡತಿ ಕಮಲಮ್ಮ. ನಿಜ ಹೇಳಬೇಕೆಂದರೆ ತೆರೆದಿಟ್ಟವನು ನಾನು. ಅದನ್ನು ಹೇಳುವ ಧೈರ್ಯವೊಂದು ಬಿಟ್ಟು ನನ್ನಲ್ಲಿ ಮಿಕ್ಕೆಲ್ಲ ಧೈರ್ಯವೂ ಇತ್ತು. ಕೊನೆಗೆ ಕಮಲಮ್ಮ ಹೊಸದುರ್ಗದ ತವರಿಗೆ ಹೇಳಿಕಳಿಸಿದಳು. ಶುಕ್ರವಾರ ಅವಳ ಅಣ್ಣ ಗಾಡಿ ತರುತ್ತಾನೆ, ಅತ್ತೆ ತಾವಾಗಿ ಕರೆಯುವ ತನಕ ಅವಳು ತಿರುಗಿ ಬರುವುದಿಲ್ಲ. ನನ್ನ ತಾಯಿ ಕರೆಯುವ ಪೈಕಿ ಅಲ್ಲ. ಹೆಂಡತಿಯಿಲ್ಲದ ಮನೆಯನ್ನು ನೆನೆದು ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ನನಗೆ ಗಜದ ಲೆಕ್ಕವೇ ತಪ್ಪತೊಡಗಿತು.

ಆ ಬುಧವಾರವೇ ಪಾಲಣ್ಣ ಎಂಬುವನು ನದಿಯ ಮಗ್ಗುಲಲ್ಲಿ ಬಯೋಸ್ಕೋಪಿನ ಟೆಂಟು ಹಾಕಿದ. ಮಾತಿಲ್ಲದ ಚಿತ್ರಕ್ಕೆ ಪರದೆಯ ಪಕ್ಕ ನಿಂತು ಕಥೆ ಹೇಳುವ ಅವನ ಆಳಿಗೆ ಚಳಿಜ್ವರ ಬಂದಿತ್ತು. ಇಂಗ್ಲೀಷು ಬಲ್ಲವರು ಯಾರೆಂದು ಕೇಳಿಕೊಂಡು ಪಾಲಣ್ಣ ನೇರವಾಗಿ ನನ್ನ ಅಂಗಡಿಗೇ ಬಂದು, ಆಳಿನ ಬದಲು ನೀವೇ ಕಥೆ ಹೇಳಬೇಕೆಂದ. ಎಂಥ ಗಂಡೆದೆಯವರೂ ನಡುಗುವ ಚಿತ್ರ ಎಂದ. ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಹೆದರಿದವರು ಪಕ್ಕದಲ್ಲಿ ಯಾರಿದ್ದಾರೆಂದು ನೋಡುವುದಿಲ್ಲ, ಸಿಕ್ಕವರನ್ನು ತಬ್ಬಿಕೊಳ್ಳುತ್ತಾರೆ! ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ನನ್ನ ಕಂಠದಿಂದಲೇ ಹೆದರಿಸಿ, ಒಂದೇ ಆಟದಲ್ಲಿ ಒಂದು ಮಾಡಿಬಿಡುವೆನೆಂದು ಶಪಥ ತೊಟ್ಟೆ.

ದೀಪ ಹಚ್ಚುವ ಹೊತ್ತಿಗೆ ಟೆಂಟು ತುಂಬಿತು. ಹೆಂಗಸರ ಕಡೆ ಚಾಪೆಯಲ್ಲಿ ನನ್ನ ತಾಯಿ, ಪಕ್ಕದಲ್ಲಿ ಗೋಡೆಯಂತೆ ಮುಖ ತಿರುಗಿಸಿದ ನನ್ನ ಹೆಂಡತಿ, ಅವರ ಹಿಂದೆ ಕುರಿ ಸಾಕುವ ಕೆಂಚಕ್ಕ. ಗಂಡಸರ ಕಡೆ ಒಂದೇ ಒಂದು ಕುರ್ಚಿ. ಅದರಲ್ಲಿ, ಶಾಲೆಯ ತನಿಖೆಗೆಂದು ಚಿತ್ರದುರ್ಗದಿಂದ ಬಂದಿದ್ದ ಗಂಗಾಧರಪ್ಪನವರು.

ಪಾಲಣ್ಣ ಯಂತ್ರದ ಹಿಡಿ ತಿರುಗಿಸಿದ. ಪರದೆಯ ಮೇಲೆ ಇಂಗ್ಲೀಷು ಅಕ್ಷರಗಳು ಕುಣಿದವು. ಎರಡು ಪದ ಸಿಕ್ಕವು. ಒಂದು 'ರಿವೆಂಜು', ಅಂದರೆ ಸೇಡು. ಊರಿನ ಅಣ್ಣತಮ್ಮಂದಿರ ವ್ಯಾಜ್ಯದ ಇಂಗ್ಲೀಷು ಕಾಗದಗಳಲ್ಲಿ ಅದನ್ನು ಕಂಡಿದ್ದೆ. ಇನ್ನೊಂದು 'ಮಮ್ಮಿ'. ಇದಕ್ಕಂತೂ ಯಾರನ್ನೂ ಕೇಳಬೇಕಿರಲಿಲ್ಲ. ಮಾರಿಕಣಿವೆಯಲ್ಲಿ ದೊರೆಯ ಕೂಸು ಜಾರಿ ಬಿದ್ದಾಗ 'ಮಮ್ಮೀ' ಎಂದು ಅಳುತ್ತ ದೊರೆಸಾನಿಯ ಗೌನು ಹಿಡಿದದ್ದನ್ನು ಕಣ್ಣಾರೆ ಕಂಡವನು ನಾನು!

"ಮಹಾಜನಗಳೇ," ಎಂದು ಗರ್ಜಿಸಿದೆ, "ಈ ಚಿತ್ರದ ಹೆಸರು ತಾಯಿಯ ಸೇಡು!"

ನನ್ನ ತಾಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಪರದೆಯ ಮೇಲೆ ಒಂದು ಗವಿ. ಅದು ಗವಿಯ ಚಿತ್ರ ಬರೆದ ಬಟ್ಟೆಯೆಂದು ಗಾಳಿಗೆ ಅಲುಗಿದಾಗಲೇ ಗೊತ್ತಾಯಿತು. ಇಬ್ಬರು ಟೋಪಿಯವರು ಬಂದು ಉದ್ದನೆಯ ಪೆಟ್ಟಿಗೆಯೊಂದನ್ನು ತೆರೆದರು. ಒಳಗೆ ತಲೆಯಿಂದ ಕಾಲಿನವರೆಗೆ ಪಟ್ಟಿ ಪಟ್ಟಿ ಬಿಳಿ ಬಟ್ಟೆ ಸುತ್ತಿದ ಆಕೃತಿ. ಜವಳಿಯವನ ಕಣ್ಣಿಗೆ ಅದು ತೀರ ಅಗ್ಗದ ಮಾಲು ಎಂದು ಕಂಡಿತು. ತಾಯಿಯೆಂದು ಹೇಳಿ ಆಗಿತ್ತಲ್ಲ, ಹಿಂದೆಗೆಯುವ ಹಾಗಿಲ್ಲ. ಇವಳೇ ಆ ತಾಯಿ ಎಂದೆ.

"ಮೈಮೂಳೆ ಎಲ್ಲಾ ಮುರ್ಕಂಡಾಳೇನಣ್ಣ?" ಎಂದಳು ಕೆಂಚಕ್ಕ. "ಯಾರು ಕಟ್ಟು ಕಟ್ಟಿದ್ರೋ, ಮೂಗಿಗೂ ಜಾಗ ಬಿಟ್ಟಿಲ್ಲ."

ಆಕೆ ಸತ್ತಿದ್ದಾಳೆಂದು ತಿಳಿಸಿದೆ. ಕೂಡಲೇ ನನ್ನ ತಾಯಿ ಆಕ್ಷೇಪಣೆ ಎತ್ತಿದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಸಮಾಧಿ ಮಾಡುವುದು ಪದ್ಧತಿ. ಈಕೆಯನ್ನು ಮಲಗಿಸಿದ್ದಾರೆ, ಹಣೆಗೆ ವಿಭೂತಿಯಿಲ್ಲ, ಹೀಗಾದರೆ ಏಳದೆ ಏನು ಮಾಡುತ್ತಾಳೆ? ಅವಳು ಹಾಗೆನ್ನುವುದಕ್ಕೂ ಪೆಟ್ಟಿಗೆಯೊಳಗಿನದು ಎದ್ದು ಕೂರುವುದಕ್ಕೂ ಸರಿಹೋಯಿತು. ಜನ ನನ್ನನ್ನು ಬಿಟ್ಟು ನನ್ನ ತಾಯಿಯನ್ನು ನೋಡತೊಡಗಿದರು.

"ಪೆಟ್ಟಿಗೇಲಿ ಹಾಕ್ದೋರು ಯಾರಪ್ಪ?" ಎಂದು ಅವಳು ಕೇಳಿದಳು.

ಹೊಳೆದದ್ದನ್ನು ಹೇಳಿಬಿಟ್ಟೆ. "ಸೊಸೆ."

ಟೆಂಟಿನ ಅರ್ಧ ಭಾಗ ನನ್ನ ಹೆಂಡತಿಯ ಕಡೆ ತಿರುಗಿತು. ಚಾಪೆಯಿಂದ ಅವಳ ದನಿ ಎದ್ದಿತು. "ಹಂಗಂತ ಅಲ್ಲಿ ಬರ್ದೈತೇನ್ರಿ?"

ಶುಕ್ರವಾರದ ಗಾಡಿ ಕಣ್ಣೆದುರು ಬಂತು. ಸೊಸೆಯದು ಎಳ್ಳಷ್ಟೂ ತಪ್ಪಿಲ್ಲವೆಂದೂ, ತಾಯಿಯೇ ಮುನಿಸಿಕೊಂಡು ಹೋಗಿ ಮಲಗಿದಳೆಂದೂ ತಿದ್ದಿದೆ. ಮುನಿಸಿಕೊಂಡವರು ತಮಗೆ ತಾವೇ ಬೆನ್ನಿಗೆಲ್ಲ ಬಟ್ಟೆ ಸುತ್ತಿಕೊಳ್ಳುವುದು ಹೇಗೆಂದು ನನ್ನ ತಾಯಿ ಕೇಳಿದಳು.

ಅಷ್ಟರಲ್ಲಿ ಆ ತಾಯಿ ಎರಡೂ ಕೈ ಮುಂದೆ ಚಾಚಿ ನಡೆದುಬಂದಳು. ಮಗನನ್ನು ಅಪ್ಪಿಕೊಳ್ಳಲು ಬರುತ್ತಿದ್ದಾಳೆ ಎಂದೆ. ಅವಳು ಟೋಪಿಯವನ ಕುತ್ತಿಗೆ ಹಿಡಿದಳು. ನೇವರಿಸುತ್ತಿದ್ದಾಳೆ ಎಂದೆ. ಅವನು ನಾಲಿಗೆ ಹೊರಹಾಕಿ ಬಿದ್ದ. ಆನಂದದಿಂದ ಮೂರ್ಛೆ ಹೋದ ಎಂದೆ. ಯಾವುದು ಚಿತ್ರದ ಕಥೆ, ಯಾವುದು ನನ್ನ ಮನೆಯ ಕಥೆ ಎಂಬುದು ನನಗೇ ಕಲಸಿಹೋಗಿತ್ತು. ಆಮೇಲೆ ಅವಳು ಗೌನು ತೊಟ್ಟ ಒಬ್ಬ ಹುಡುಗಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಟಳು. ದೇವರೇ ಕಳಿಸಿದ ದೃಶ್ಯ!

"ನೋಡಿರಿ," ಎಂದೆ ಗದ್ಗದಿತನಾಗಿ, "ಮುನಿಸು ಮರೆತು ಅತ್ತೆ ಸೊಸೆಯನ್ನು ಮಗುವಿನಂತೆ ಎತ್ತಿಕೊಂಡಿದ್ದಾಳೆ!"

ತೋಳಲ್ಲಿದ್ದ ಸೊಸೆ ಕೈಕಾಲು ಬಡಿಯುತ್ತಿದ್ದಳು. ನಾನು ಅತ್ತ ನೋಡದೆ ಚಾಪೆಯ ಕಡೆ ನೋಡಿದೆ. ನನ್ನ ತಾಯಿಯೂ ಹೆಂಡತಿಯೂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಇಬ್ಬರ ಭುಜವೂ ಕುಲುಕುತ್ತಿತ್ತು. ಅಳುತ್ತಿದ್ದಾರೆ! ನಾನು ಗೆದ್ದೆ!

ಆ ಗಳಿಗೆಯಲ್ಲೇ ಹುಡುಗಿಯ ಕೈ ತಾಗಿ ತಾಯಿಯ ಮುಖದ ಬಟ್ಟೆ ಜಾರಿತು. ಒಳಗೆ ನಮ್ಮ ಪೊಲೀಸು ದಫೇದಾರನದಕ್ಕಿಂತ ದಪ್ಪನೆಯ ಮೀಸೆ.

ರೀಲು ಪಟ್ಟೆಂದು ಹರಿಯಿತು. ಪಾಲಣ್ಣ ದೀಪ ಹಚ್ಚಿದ. ಊರಿಗೆ ಊರೇ ನನ್ನನ್ನು ನೋಡುತ್ತಿತ್ತು. ಗಂಗಾಧರಪ್ಪನವರು ಕುರ್ಚಿಯಿಂದ ಎದ್ದು ಮೆಲ್ಲಗೆ ಹೇಳಿದರು. "ಅದು ತಾಯಿ ಅಲ್ರಿ. ಈಜಿಪ್ಟ್ ದೇಶದ ಹಳೇ ರಾಜನ ಹೆಣ. ಸಾವಿರಾರು ವರ್ಷ ಕೆಡದಂಗೆ ಉಪ್ಪು, ಎಣ್ಣೆ, ಮಸಾಲೆ ಹಚ್ಚಿ ಇಟ್ಟಿರ್ತಾರೆ. ಅಂಥಾ ಹೆಣಕ್ಕೂ ಮಮ್ಮಿ ಅಂತಾರೆ."

ನನ್ನ ತಾಯಿ ಬಾಯಿಂದ ಸೆರಗು ತೆಗೆದಳು. "ಹಂಗಂದ್ರೆ ರಾಜನ್ನ ಉಪ್ಪಿನಕಾಯಿ ಹಾಕಿದ್ರಾ?"

"ಹೂಂ ಅತ್ತೆ," ಎಂದಳು ಕಮಲಮ್ಮ. "ಆದ್ರೂ ಬೂಸ್ಟು ಹಿಡಿದಿಲ್ಲ ನೋಡ್ರಿ. ಅವರ ಮನೇಲಿ ಇಂಥಾ ಮಗ ಇರ್ಲಿಲ್ಲ ಅಂತ ಕಾಣ್ತದೆ."

ಹನ್ನೆರಡು ದಿನದ ಮೇಲೆ ಮೊದಲ ಮಾತು! ಜಾಡಿಯ ಗುಟ್ಟು ಅವಳಿಗೆ ಹೇಗೆ ಹೊಳೆಯಿತೋ ತಿಳಿಯದು. ಪ್ರಾಯಶಃ ಪರದೆಯ ಪಕ್ಕದಲ್ಲಿ ನಾನು ಸುಳ್ಳು ಹೇಳುವ ಚಂದ ನೋಡಿಯೇ ಇಬ್ಬರಿಗೂ ಹೊಳೆದಿರಬೇಕು. ಅತ್ತದ್ದಲ್ಲ ಅವರು, ಆಗಿನಿಂದಲೂ ನಕ್ಕದ್ದು. ಮನೆಯವರೆಗೂ ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಲೇ ನಡೆದರು. ನಾನು ನಾಲ್ಕು ಮಾರು ಹಿಂದೆ, ತಲೆ ತಗ್ಗಿಸಿಕೊಂಡು. ಆದರೂ ಒಳಗೊಳಗೇ ಖುಷಿಯಾಗಿತ್ತು, ಮಾನ ಹೋದರೂ ಹೆಂಡತಿ ಉಳಿದಳಲ್ಲ!

ಶುಕ್ರವಾರ ಬೆಳಿಗ್ಗೆ ಕಮಲಮ್ಮನ ಅಣ್ಣ ಮುರುಗಪ್ಪ ಗಾಡಿ ತಂದು ನಿಲ್ಲಿಸಿದ. ನಾನು ಹೊಸ್ತಿಲಲ್ಲೇ ಎದುರುಗೊಂಡು, ಮನೆಯಲ್ಲೀಗ ಎಲ್ಲ ಸರಿಹೋಗಿದೆ, ಊಟ ಮಾಡಿಕೊಂಡು ಬರಿಗಾಡಿ ಹೊಡೆದುಕೊಂಡು ಹೋಗಬಹುದು ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಹಿಂದಿನಿಂದ ಬಳೆಯ ಸದ್ದಾಯಿತು. ಕಮಲಮ್ಮ ಗಂಟು ಹಿಡಿದು ಬಂದು ಗಾಡಿ ಹತ್ತಿದಳು. ಅವಳ ಹಿಂದೆಯೇ, ಒಳ್ಳೆಯ ಸೀರೆಯುಟ್ಟು, ನನ್ನ ತಾಯಿ.

"ನೀನೆಲ್ಲಿಗವ್ವಾ?"

"ಹೊಸದುರ್ಗಕ್ಕೆ ಕಣಪ್ಪ. ಅಲ್ಲೋರು ಯಾರೂ ಈ ಕಥೆ ಕೇಳಿಲ್ವಂತೆ. ಇವಳೊಬ್ಳೇ ಹೇಳಿದ್ರೆ ನಂಬಲ್ಲ, ಸಾಕ್ಷಿಗೆ ನಾನೂ ಬೇಕಂತೆ. ಹದಿನೈದು ದಿನ ಇದ್ದು ಬರ್ತೀವಿ."

ಗಾಡಿ ಹೊರಟಿತು. ನಾನು ಅದರ ಜೊತೆಗೇ ಓಡುತ್ತ, ಅಲ್ಲಿಯ ತನಕ ನನ್ನ ಗತಿಯೇನು, ನನಗೆ ಅನ್ನ ನೀರು ಕೊಡುವವರು ಯಾರು ಎಂದು ಕೂಗಿದೆ.

ನನ್ನ ತಾಯಿ ಗಾಡಿಯ ಹಿಂಬದಿಯಿಂದ ತಲೆ ಹೊರಹಾಕಿದಳು. "ತಾಯಿ ಬೇಕು ಅನ್ನಿಸಿದ್ರೆ ಟೆಂಟಿಗೆ ಹೋಗಪ್ಪ. ಇನ್ನೂ ಎರಡು ದಿನ ಐತಂತೆ."