ಬಲಗೈ ಬಂಟನ ಪದ್ಯ

ವಾರಪತ್ರಿಕೆಯ ಕಚೇರಿ. ಉಪಸಂಪಾದಕ ಬರೆದ ಪದ್ಯವೊಂದು ಅಚ್ಚಿಗೆ ಹೋಗುವ ಮೊದಲು ಸಂಪಾದಕರ ಕೈ ಸೇರಿದೆ. ಬರೆದವನು ಎದುರಿಗೆ ನಿಂತಿದ್ದಾನೆ. ಕೂರು ಎಂದು ಯಾರೂ ಹೇಳಿಲ್ಲ.

ಸಂಪಾದಕ: ಸುತ್ತಿ ಬಳಸಿ ಮಾತಾಡ್ಬೇಡ. ಈ ವೀರ ಯಾರು?

ಉಪಸಂಪಾದಕ: ಯಾರೂ ಅಲ್ಲ ಸರ್. ಹಳೇ ಕಾಲದ ಒಬ್ಬ ವೀರ, ಅವನ ಗುರಾಣಿ ಹೊರೋ ಬಲಗೈ ಬಂಟ. ಬಂಟ ಬೆಳೆದು ವೀರನ್ನೇ ಮೀರಿಸ್ತಾನೆ. ಅಷ್ಟೇ.

ಸಂಪಾದಕ: ನನ್ನ ಕಿವಿ ಮೇಲೆ ಹೂ ಇಡ್ಬೇಡ. ‘ವೀರ ಗೊರಕೆ ಹೊಡೆವಾಗ ಬಂಟ ಕೋಟೆ ಗೆದ್ದ.’ ಈ ಗೊರಕೆ ಯಾರದ್ದು ಅಂತ ನನಗೆ ಗೊತ್ತಾಗಲ್ವಾ?

ಉಪಸಂಪಾದಕ ಪದ್ಯದ ಹಾಳೆಯತ್ತ ಕೈ ಚಾಚಿದ. ಹನ್ನೊಂದು ವರ್ಷದಿಂದ ಸಂಪಾದಕರು ಮಧ್ಯಾಹ್ನ ತೂಕಡಿಸುವಾಗ ಅವರ ಸಂಪಾದಕೀಯ ಬರೆಯುತ್ತಿದ್ದವನು ಅವನೇ. ಕೆಳಗೆ ಹೆಸರು ಮಾತ್ರ ಅವರದು.

ಉಪಸಂಪಾದಕ: ಗೊರಕೆ ಬೇಡಾಂದ್ರೆ ತೆಗೀತೀನಿ ಸರ್. ಧ್ಯಾನ ಅಂತ ಹಾಕ್ತೀನಿ.

ಸಂಪಾದಕ: ಯಾಕೆ ತೆಗೀತೀಯ? ಇದ್ದದ್ದನ್ನ ಇದ್ದ ಹಾಗೆ ಬರೆದಿದೀಯ. ಹದಿನೈದು ವರ್ಷ ಕೇಳಿದೀನಿ ಆ ಗೊರಕೆನ.

ಉಪಸಂಪಾದಕ: ನಿಮ್ಮ ಗೊರಕೆ ನಿಮಗೇ ಕೇಳಿಸುತ್ತಾ ಸರ್?

ಸಂಪಾದಕ: ನನ್ನದ್ಯಾಕಾಗುತ್ತಯ್ಯ? ನನ್ನ ಗುರುಗಳದ್ದು. ನನಗಿಂತ ಮುಂಚೆ ಇದೇ ಕುರ್ಚಿಲಿ ಕೂತಿದ್ರಲ್ಲ, ಅವರದ್ದು. ಬಂಟ ಅಂದ್ರೆ ನಾನು ತಾನೆ?

ಕೆಲಸ ಉಳಿಯಿತು ಎಂದು ಉಪಸಂಪಾದಕನಿಗೆ ಸಮಾಧಾನವಾಯಿತು. ಮರುಗಳಿಗೆಯೇ, ಪದ್ಯ ಕೈತಪ್ಪಿತಲ್ಲ ಎಂದು ಬಾಯಿ ತೆರೆದ.

ಉಪಸಂಪಾದಕ: ಸರ್, ನಿಜ ಹೇಳ್ಬೇಕಂದ್ರೆ ಆ ಬಂಟ...

ಸಂಪಾದಕ: ಸಂಕೋಚ ಬೇಡ. ಮೊದಲನೇ ಪುಟದಲ್ಲೇ ಹಾಕೋಣ. ಅಂದಹಾಗೆ, ಈ ವಾರದ ನನ್ನ ಸಂಪಾದಕೀಯ ಬರೆದು ಮುಗಿಸಿದ್ಯಾ?

ಅಷ್ಟರಲ್ಲಿ ಕರಡು ತಿದ್ದುವಾಕೆ ಒಳಗೆ ಬಂದು, ನೇರವಾಗಿ ಉಪಸಂಪಾದಕನ ಮುಂದೆ ನಿಂತರು.

ಕರಡು ತಿದ್ದುವಾಕೆ: ನಿಮ್ಮ ಪದ್ಯ ಓದಿ ಹೊಟ್ಟೆ ತಣ್ಣಗಾಯ್ತು ಕಣ್ರೀ. ಒಂಬತ್ತು ವರ್ಷದಿಂದ ನಿಮ್ಮ ಬರಹ ನೆಟ್ಟಗೆ ಮಾಡ್ತಿರೋ ಬಂಟ ನಾನೇ ಅಂತ ಕೊನೆಗೂ ಒಪ್ಕೊಂಡ್ರಲ್ಲ.

ಉಪಸಂಪಾದಕ: ನೀವಾ? ಹಾಗಾದ್ರೆ ಗೊರಕೆ ಹೊಡೆಯೋನು...

ಕರಡು ತಿದ್ದುವಾಕೆ: ನನ್ನ ಬಾಯಲ್ಲಿ ಹೇಳಿಸ್ಬೇಡಿ. ಕೊನೇ ನಾಲ್ಕು ಸಾಲು ಕುಂಟ್ತಾ ಇತ್ತು. ಸರ್ ಕೈಗೆ ಕೊಡೋ ಮುಂಚೆ ಅದನ್ನ ಹೊಡೆದುಹಾಕಿ ನಾನೇ ಬರೆದೆ.

ಉಪಸಂಪಾದಕ: ಯಾರನ್ನ ಕೇಳಿ ಬರೆದ್ರಿ? ನನ್ನ ಪದ್ಯಾನ ಕೆಡಿಸಿಬಿಟ್ರಲ್ಲ.

ಸಂಪಾದಕರು ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿದರು.

ಸಂಪಾದಕ: ಅವರನ್ನ ಬಯ್ಬೇಡಯ್ಯ. ನನಗೆ ಕಣ್ಣಲ್ಲಿ ನೀರು ಬಂದಿದ್ದು ಆ ನಾಲ್ಕು ಸಾಲಿಗೇ.