ಹೊಸ ಕಂಪ್ಯೂಟರ್ ಕೇಳುವ ಆಟಗಳು

ಹೊಸಪೇಟೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ, ಹೊಸ ಗೇಮ್ ಬಂದಾಗಲೆಲ್ಲ ಯಾರಾದರೂ ಸಪ್ಪೆ ಮುಖ ಹೊತ್ತು ಬರುತ್ತಾರೆ. ಯಂತ್ರ ಕೆಟ್ಟಿರುವುದಿಲ್ಲ, ಗೇಮ್ ಅದನ್ನು ಒಪ್ಪಿರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಜನರ ಮನೆಯಲ್ಲಿರುವ ಯಂತ್ರಕ್ಕೆ ತಕ್ಕಂತೆ ಆಟ ಮಾಡಬೇಕು. ಆಟಕ್ಕಾಗಿ ಯಂತ್ರ ಬದಲಿಸು ಅಂದರೆ ಮೂಗಿಗಿಂತ ಮೂಗುತಿ ಭಾರ.

ಡ್ರೈವರ್

ಮೊನ್ನೆ ಯಶವಂತನಗರದ ಟಿಪ್ಪರ್ ಡ್ರೈವರ್ ಒಬ್ಬರು ಹೆಂಡತಿಯೊಂದಿಗೆ ಕಂಪ್ಯೂಟರ್ ತಂದರು. ದಿನವಿಡೀ ಅದಿರು ಸಾಗಿಸಿ, ಮನೆಗೆ ಹೋಗಿ ಈತ ಆಡುವುದೂ ಲಾರಿ ಗೇಮ್. ಅದರ ಹೊಸ ಆವೃತ್ತಿ ಹತ್ತು ನಿಮಿಷ ನಡೆದು, ‘ನಿಮ್ಮ ಕಂಪ್ಯೂಟರ್ ಸಾಲದು’ ಎಂದು ನಿಂತುಬಿಡುತ್ತಿತ್ತು.

‘ಇದನ್ನ ಮಾರಿ ಹೊಸದು ತರೋಣ ಅಂತಾರ್ರಿ ಇವರು. ನನ್ನ ಬ್ಲೌಸ್ ಕಸೂತಿ ಮಷೀನಿನ ಸಾಫ್ಟ್‌ವೇರ್ ಹಳೇದ್ರಾಗ ಅಷ್ಟ ನಡೀತದ. ಇದು ಹೋದ್ರ ನನ್ನ ಕೆಲಸಾನೂ ಹೋತು,’ ಎಂದರು ಹೆಂಡತಿ.

‘ದಿನಾ ಓಡಿಸೋ ಲಾರಿ ಸಾಲದೇನ್ರಿ?’ ಎಂದು ಆತನನ್ನು ಕೇಳಿದೆ.

‘ಗೇಮಿನಾಗ ರಸ್ತೆ ಇರ್ತದ್ರಿ,’ ಎಂದರು.

ಗೈಡ್

ಅವರನ್ನು ಕೂರಿಸಿ ಸ್ಕ್ರೂ ಬಿಚ್ಚುತ್ತಿದ್ದಾಗ ಹಂಪಿ ಬಜಾರಿನ ಗೈಡ್ ಬಂದರು. ಅವರದು ಹಳೇ ಪಟ್ಟಣ ಸುತ್ತುವ ಗೇಮ್. ಅವರ ಹಳೇ ಯಂತ್ರದಲ್ಲಿ ಅದು ನಡೆಯಲೆಂದು ಚಿತ್ರದ ಗುಣಮಟ್ಟ ಪೂರ್ತಿ ಇಳಿಸಿಕೊಟ್ಟಿದ್ದೆ.

‘ಹೆಂಗ ಕಾಣ್ತದ್ರಿ?’

‘ಗುಡಿಗೆ ಮಾಳಿಗಿ ಇಲ್ಲ, ಮೂರ್ತಿಗೆ ಮೂಗಿಲ್ಲ, ಕಂಬ ಅರ್ಧಕ್ಕ ನಿಂತಾವು.’

‘ಹಂಗಾರ ನೀವೂ ಹೊಸದು ತಗೋತೀರೇನು?’

‘ಯಾಕ್ರಿ? ಉಳಿದದ್ದು ಊಹಿಸ್ಕೊಳ್ರಿ ಅಂತ ದಿನಾ ಮಂದಿಗೆ ನಾನ ಹೇಳ್ತೀನಲ್ಲ.’

ಮೇಷ್ಟ್ರು

ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಕಂಪ್ಲಿಯ ನಿವೃತ್ತ ಮೇಷ್ಟ್ರು ಬಂದು ಕುಳಿತರು. ವಿಮಾನ ಹಾರಿಸುವ ಗೇಮಿಗಾಗಿ ಅವರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು.

‘ಆಟ ಮುಂದಕ್ಕ ಹೋದ್ರ ಯಂತ್ರಾನೂ ಮುಂದಕ್ಕ ಹೋಗಬೇಕಪ್ಪ,’ ಎಂದರು.

ನಾನು ಬಿಡಲಿಲ್ಲ. ‘ಸಿನಿಮಾ ಮಸುಕಾಗಿ ಕಂಡ್ರ ಥೇಟರಿನವ ಪರದೆ ಬದಲಿಸಬೇಕೋ, ನೋಡೋರು ಕಣ್ಣು ಬದಲಿಸಬೇಕೋ?’

‘ಎರಡೂ ಕಣ್ಣಿಗೆ ಹೋದ ವರ್ಷ ಹೊಸ ಲೆನ್ಸ್ ಹಾಕ್ಸೀನಿ. ಭಾಳ ಮಸ್ತ್ ಕಾಣ್ತದ,’ ಎಂದರು ಮೇಷ್ಟ್ರು.

ಡ್ರೈವರ್ ತಕ್ಷಣ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

ಡಬ್ಬಿಯ ಒಳಗೆ

ಡ್ರೈವರ್ ಹೆಂಡತಿಯ ಮುಖ ಬಾಡಿತು. ನಾನು ಮಾತು ಬಿಟ್ಟು ಅವರ ಕಂಪ್ಯೂಟರಿನ ಡಬ್ಬಿ ತೆರೆದೆ. ಒಳಗೆ ಗಣಿಯ ಕೆಂಪು ಧೂಳು ಬೆರಳು ದಪ್ಪ ಕೂತಿತ್ತು. ಫ್ಯಾನ್ ತಿರುಗಲು ಜಾಗವೇ ಇರಲಿಲ್ಲ. ಯಂತ್ರ ಕಾದು ನಿಲ್ಲದೆ ಇನ್ನೇನು ಮಾಡೀತು? ಆಟಕ್ಕೆ ಇದೇನು ಗೊತ್ತು? ಅದಕ್ಕೆ ಗೊತ್ತಿರುವುದು ಬದಲಿಸು ಅನ್ನುವುದೊಂದೇ.

ಧೂಳನ್ನು ಪೇಪರಿನ ಮೇಲೆ ಕೆಡವಿ, ಉಳಿದದ್ದನ್ನು ಬ್ಲೋವರ್‌ನಿಂದ ಊದಿ ಜೋಡಿಸಿದೆ. ಗೇಮ್ ಅರ್ಧ ಗಂಟೆ ನಿಲ್ಲದೆ ಓಡಿತು. ಕಸೂತಿ ಸಾಫ್ಟ್‌ವೇರೂ ತೆರೆಯಿತು.

‘ಹಂಗಾರ ಹೊಸದು ಬ್ಯಾಡ್ರಿ,’ ಎಂದು ಡ್ರೈವರ್ ಡಬ್ಬಿ ಎತ್ತಿಕೊಂಡರು.

ಹೆಂಡತಿ ಪೇಪರಿನ ಮೇಲಿನ ಕೆಂಪು ಗುಡ್ಡೆಯನ್ನೇ ನೋಡುತ್ತಿದ್ದರು.

‘ಇಷ್ಟು ಅದಿರು ಮನಿಗೆ ತಂದೀರಿ,’ ಎಂದರು ಗಂಡನಿಗೆ. ‘ಪರ್ಮಿಟ್ ಎಲ್ಲೈತಿ?’